ಉಮ್ ಅಲ್ ಹಸ್ಸಮ್‌ನ ಬಾವುಟದ ಮೇಜು

ಮುದ್ದಣ್ಣನ ಹೊಲಿಗೆ ಅಂಗಡಿ ಬಹರೈನಿನ ಉಮ್ ಅಲ್ ಹಸ್ಸಮ್‌ನಲ್ಲಿ ಮುಖ್ಯ ರಸ್ತೆ ಬಿಟ್ಟು ಎರಡನೆಯ ಓಣಿಯಲ್ಲಿತ್ತು. ಬೋರ್ಡಿನಲ್ಲಿ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಯೂನಿಫಾರ್ಮ್, ಪರದೆ, ಬಾವುಟ ಎಂದು ಬರೆಸಿದ್ದ. ಯೂನಿಫಾರ್ಮಿಗೆ ಹನ್ನೊಂದು ಮಂದಿ ಟೈಲರುಗಳಿದ್ದರು, ಪರದೆಗೆ ನಾಲ್ವರು. ಬಾವುಟಕ್ಕೆ ಒಬ್ಬಳೇ, ಕರಾವಳಿಯ ಶಿರ್ವದ ಕ್ಲೊಟಿಲ್ಡಾ. ಹಿಂದಿನ ಕೋಣೆಯ ಕಿಟಕಿಯ ಕೆಳಗೆ ನಾಲ್ಕು ಮೀಟರು ಉದ್ದದ ಮೇಜೊಂದು ಅವಳ ಪಾಲಿಗೆ ಬಂದಿತ್ತು. ಅದರ ಮೇಲೆ ಬೇರೆ ಯಾರೂ ಚಹಾದ ಲೋಟ ಇಡುತ್ತಿರಲಿಲ್ಲ.

ಅವಳು ಬಹರೈನಿಗೆ ಬಂದದ್ದು ಎಂಬತ್ತಾರರಲ್ಲಿ, ಸೌದಿಗೆ ಹೋಗುವ ಸಮುದ್ರ ಸೇತುವೆ ತೆರೆದ ವರ್ಷ. ಆ ಸೇತುವೆಯೇ ಅವಳಿಗೆ ಬಾವುಟದ ಕೆಲಸ ಕಲಿಸಿತು ಎನ್ನಬಹುದು. ಆ ವರ್ಷ ಹೋಟೆಲು, ಬ್ಯಾಂಕು, ಶಾಲೆ, ಎಲ್ಲರಿಗೂ ಸೌದಿಯ ಹಸಿರು ಬಾವುಟ ಬೇಕಿತ್ತು. ಅದರ ಮೇಲಿನ ಅರಬಿ ಬರಹ, ದೇವರ ಹೆಸರಿರುವ ಕಲಿಮಾ, ಯಾವ ಕಡೆಯಿಂದ ನೋಡಿದರೂ ಬಲದಿಂದ ಎಡಕ್ಕೆ ಸರಿಯಾಗಿ ಓದಿಸಿಕೊಳ್ಳಬೇಕು. ಹಾಗಾಗಿ ಒಂದೇ ತೆರನ ಎರಡು ಮುಖ ಮಾಡಿ, ಬೆನ್ನಿಗೆ ಬೆನ್ನು ಕೊಟ್ಟು ಅಂಚು ಹೊಲಿಯಬೇಕು. ಅಕ್ಷರ ಕತ್ತರಿಸುವ ಕೆಲಸ ಮಾತ್ರ ಇಸ್ತ್ರಿ ಮಾಡುವ ಹುಸೈನಬ್ಬನದು, ಅವನೂ ಕರಾವಳಿಯವನೇ, ಬ್ಯಾರಿ ಮುಸ್ಲಿಮ. ಆತ ಕೈಕಾಲು ಮುಖ ತೊಳೆದು ಬಂದು, ಬಟ್ಟೆ ನೆಲಕ್ಕೆ ತಾಗದ ಹಾಗೆ ಮೇಜಿನ ಮೇಲೆ ಹಾಸಿ ಕತ್ತರಿಸಿ ಕೊಡುತ್ತಿದ್ದ. ಉಳಿದದ್ದೆಲ್ಲ ಕ್ಲೊಟಿಲ್ಡಾಳದು. ಎರಡು ಪದರ ಒಂದಕ್ಕೊಂದು ಜಾರದ ಹಾಗೆ, ಎಲ್ಲೂ ಸುಕ್ಕು ಬೀಳದ ಹಾಗೆ ಕೂರಿಸುವುದು ಸುಲಭವಲ್ಲ. ಅವಳಿಗೆ ಅದು ಒಲಿದಿತ್ತು. ರಾಜಧಾನಿ ಮನಾಮದ ಹೋಟೆಲುಗಳಲ್ಲಿ ಅದಕ್ಕೆ 'ಸೌದಿ ಹೊಲಿಗೆ' ಎಂದೇ ಹೆಸರು ಬಿತ್ತು.

ಗಂಡ ಬ್ಯಾಪ್ಟಿಸ್ಟ್ ಅವಾಲಿಯಲ್ಲಿ ಎಣ್ಣೆ ಕಂಪನಿಯ ಉಗ್ರಾಣದಲ್ಲಿದ್ದ. ಬೆಳಿಗ್ಗೆ ಐದೂವರೆಯ ಕಂಪನಿ ಬಸ್ಸಿಗೆ ಹೋಗಿ ಮಧ್ಯಾಹ್ನ ಮೂರಕ್ಕೆ ಮರಳಿದರೆ ಉಳಿದ ಹೊತ್ತೆಲ್ಲ ಪೇಪರು ಮತ್ತು ಬಿಬಿಸಿ. ಲೋಕದ ರಾಜಕೀಯ ಅವನಿಗೆ ಗೊತ್ತಿದ್ದದ್ದು ಅಲ್ಲಿಂದ. ಕ್ಲೊಟಿಲ್ಡಾಳಿಗೆ ಗೊತ್ತಾಗುತ್ತಿದ್ದದ್ದು ಬಟ್ಟೆಯ ಅಳತೆಯಿಂದ.

ಚೀನಾದ ಬಾವುಟ ಮೊದಲು ಅವಳ ಮೇಜಿಗೆ ಬಂದದ್ದು ಎಂಬತ್ತೊಂಬತ್ತರ ಏಪ್ರಿಲಿನಲ್ಲಿ. ಬಹರೈನ್ ಮತ್ತು ಬೀಜಿಂಗ್ ರಾಯಭಾರದ ಸಂಬಂಧ ಬೆಳೆಸಿದ ತಿಂಗಳು ಅದು. ಒಂದು ಊಟದ ಮೇಜಿನ ಮೇಲೆ ಇಡಲು ಎರಡೇ ಎರಡು, ಅಂಗೈಯಗಲದವು. ಅಷ್ಟು ಸಣ್ಣದರಲ್ಲಿ ಐದು ನಕ್ಷತ್ರ ಕೂರಿಸುವುದರೊಳಗೆ ಕಣ್ಣು ಬತ್ತಿತು ಎಂದು ಅವಳು ಮನೆಯಲ್ಲಿ ಗೊಣಗಿದಳು.

"ಸಣ್ಣದೇ ಸಾಕು," ಎಂದ ಬ್ಯಾಪ್ಟಿಸ್ಟ್. "ಸೈಕಲ್ ತುಳಿಯುವ ದೇಶ ಮಾರಾಯ್ತಿ ಅದು. ದೊಡ್ಡದು ಎಂತಕ್ಕೆ?"

ಮರುವರ್ಷ ಸದ್ದಾಮನ ಸೇನೆ ಕುವೈತಿಗೆ ನುಗ್ಗಿತು. ಯುದ್ಧಕ್ಕೆ ಒಪ್ಪಿಗೆ ಕೊಡುವ ಮತ ಭದ್ರತಾ ಮಂಡಳಿಯಲ್ಲಿ ನಡೆದ ಮರುದಿನ ಬ್ಯಾಪ್ಟಿಸ್ಟ್ ಪೇಪರು ಹಿಡಿದು ನಕ್ಕ. "ನೋಡು, ನಿನ್ನ ಚೀನಾದವರು. ಹೌದು ಅಂತ ಕೈ ಎತ್ತಲೂ ಇಲ್ಲ, ಬೇಡ ಅಂತ ತಡೀಲೂ ಇಲ್ಲ. ಮದುವೆಗೆ ಬಂದು ಊಟ ಮಾಡದೆ ಹೋದ ಹಾಗೆ."

ತೊಂಬತ್ತೊಂದರ ಚಳಿಗಾಲ ಅವಳು ಹೊಲಿದದ್ದು ಅಮೆರಿಕ, ಬ್ರಿಟನ್, ಕುವೈತ್. ಮತ್ತೆ ಅಮೆರಿಕ. ಐವತ್ತು ನಕ್ಷತ್ರಗಳನ್ನು ಎಣಿಸಿ ಎಣಿಸಿ ಕನಸಿನಲ್ಲೂ ಎಣಿಸುವಂತಾಯಿತು. ಇನ್ನು ಲೋಕಕ್ಕೆ ಒಬ್ಬನೇ ಧನಿ, ಅಮೆರಿಕವೇ ಯಜಮಾನ ಎಂದು ಬ್ಯಾಪ್ಟಿಸ್ಟ್ ತೀರ್ಪು ಕೊಟ್ಟ. ಆ ವರ್ಷದ ಕೊನೆಗೆ ಅವಳಿಗೂ ಅದು ನಿಜವೆನಿಸಿತು. ಜನವರಿಯ ಒಂದು ಪ್ರದರ್ಶನಕ್ಕೆಂದು ಹೋಟೆಲಿನವರು ಸೋವಿಯತ್ ದೇಶದ ನಾಲ್ಕು ದೊಡ್ಡ ಬಾವುಟ ಹೇಳಿದ್ದರು. ಕ್ರಿಸ್ಮಸ್ ಮುಗಿಸಿ ಅವಳು ಕೆಲಸಕ್ಕೆ ಬಂದಾಗ ನಾಲ್ಕೂ ಇಸ್ತ್ರಿಯಾಗಿ ಮಡಚಿ ಕೂತಿದ್ದವು, ದೇಶ ಮಾತ್ರ ಇರಲಿಲ್ಲ. ಹೋಟೆಲಿನಿಂದ ಔತಣಕೂಟ ನೋಡಿಕೊಳ್ಳುವ ಶೆಲ್ಡನ್ ಫೋನು ಮಾಡಿದ. ಅವಳ ಕರಾವಳಿಯವನೇ, ಕುಲಶೇಖರದ ಹುಡುಗ, ಆಗಿನ್ನೂ ಕೆಲಸಕ್ಕೆ ಹೊಸಬ.

"ಆಂಟೀ, ಅದು ಬೇಡ. ಆ ದೇಶ ಕ್ಯಾನ್ಸಲ್."

"ದೇಶ ಕ್ಯಾನ್ಸಲ್ ಆಗುದು ಹೇಗೆ ಬಾಬಾ? ನಾನು ಹೊಲಿದಾಯ್ತು!"

ಒಳ್ಳೆಯ ಕೆಂಪು ಬಟ್ಟೆ. ಎಸೆಯಲು ಮನಸ್ಸು ಬರಲಿಲ್ಲ. ಸುತ್ತಿಗೆ, ಕುಡುಗೋಲು ಬಿಚ್ಚಿದಳು, ಸೂಜಿಯ ತೂತುಗಳು ಉಳಿದವು. ಮರುವರ್ಷ ಒಂದು ವ್ಯಾಪಾರ ಮೇಳದ ಗೋಡೆಗೆ ಚೀನಾದ ನಾಲ್ಕು ಬಾವುಟ ಬೇಕೆಂದಾಗ ಅದೇ ಬಟ್ಟೆ ಹೊರಬಂತು. ಉದ್ದ ಹೆಚ್ಚಿದ್ದ ಕಡೆ ಕತ್ತರಿಸಿದಳು. ದೊಡ್ಡ ಹಳದಿ ನಕ್ಷತ್ರ ಮೇಲಿನ ಮೂಲೆಯಲ್ಲಿ, ಕುಡುಗೋಲಿದ್ದ ಜಾಗದಲ್ಲೇ, ತೂತುಗಳನ್ನು ಪೂರ್ತಿ ಮುಚ್ಚಿಕೊಂಡು ಕೂತಿತು. ಅಂದು ಮನೆಗೆ ಬಂದವಳು ಗಂಡನಿಗೆ ಹೇಳಿದಳು: "ನಿಮ್ಮ ರೇಡಿಯೋ ಒಬ್ಬನೇ ಧನಿ ಅಂತ ಹೇಳ್ತದಲ್ಲ, ನನ್ನ ಮೇಜು ಹಾಗೆ ಹೇಳುದಿಲ್ಲ."

ಆಮೇಲಿನ ವರ್ಷಗಳಲ್ಲಿ ಚೀನಾದ ಬಾವುಟ ಅವಳ ಕಣ್ಣೆದುರೇ ಬೆಳೆಯಿತು. ಅಂಗೈಯಗಲದ್ದು ಮೊಳದುದ್ದ ಆಯಿತು. ಊಟದ ಮೇಜಿನಿಂದ ಸಭಾಂಗಣದ ಗೋಡೆಗೆ ಏರಿತು. ಜವಳಿಯವರು ಬಂದರು, ಬಂದರು ಕಟ್ಟುವವರು ಬಂದರು, ಎಣ್ಣೆ ಕೊಳ್ಳುವವರು ಬಂದರು. ತೊಂಬತ್ತೇಳರ ಜುಲೈಯಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿನ ಕೈಯಿಂದ ಚೀನಾದ ಕೈಗೆ ಹೋದಾಗ ಒಂದೇ ಸಂಜೆಯ ಸಮಾರಂಭಕ್ಕೆ ಹನ್ನೆರಡು ಬಾವುಟ ಹೋದವು. ಅದೇ ತಿಂಗಳು ಬ್ರಿಟನ್ನಿನದು ಎರಡು. ಎಲ್ಲ ಅವಳ ಆರ್ಡರ್ ಪುಸ್ತಕದಲ್ಲಿ ಬರೆದದ್ದೇ. ಆದರೆ ಈ ಒಂಬತ್ತು ವರ್ಷಗಳಲ್ಲಿ ಚೀನಾದ ಒಂದು ಬಾವುಟವೂ ಅವಳ ಕೈಯಿಂದ ಕಂಬಕ್ಕೆ ಏರಿರಲಿಲ್ಲ. ಎಲ್ಲ ಗೋಡೆಗೆ ಅಂಟಿಕೊಂಡವು. ಗೋಡೆಯ ಬಾವುಟದ ಹಿಂಬದಿಯನ್ನು ಯಾರೂ ನೋಡುವುದಿಲ್ಲ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಮುದ್ದಣ್ಣ ದುಬೈಗೆ ಹೋಗಿ ಬಂದ. ಬರುವಾಗ ಒಂದು ದೊಡ್ಡ ಕಟ್ಟು ಹೊತ್ತು ತಂದ. ಕ್ಲೊಟಿಲ್ಡಾಳ ಮೇಜಿನ ಮೇಲೆಯೇ ಅದನ್ನು ಬಿಚ್ಚಿದ. ಒಳಗೆ ಅಚ್ಚು ಹಾಕಿದ ನೈಲಾನ್ ಬಾವುಟಗಳು, ಒಂದೊಂದೂ ಪ್ಲಾಸ್ಟಿಕ್ ಲಕೋಟೆಯಲ್ಲಿ.

"ಮುಟ್ಟಿ ನೋಡಿ ಕ್ಲೊಟಿಲ್ಡಾ ಬಾಯಮ್ಮ. ಎಲ್ಲ ಚೀನಾದ್ದು. ಸೌದಿಯದ್ದೂ ಉಂಟು, ಕುವೈತಿದ್ದೂ ಉಂಟು. ಅಮೆರಿಕದವರ ಬಾವುಟ ಸಹ ಈಗ ಅವರೇ ಮಾಡುದು!"

ಅವಳು ಅಮೆರಿಕದ ಬಾವುಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಬೆಳಕು ಆಚೆಯಿಂದ ಈಚೆಗೆ ತೂರಿ ಬಂತು. "ಇದರಲ್ಲಿ ಮೀನು ಸೋಸಬಹುದು ಧನಿಗಳೇ."

ಮುದ್ದಣ್ಣ ನಗಲಿಲ್ಲ. ಅವನು ಲೆಕ್ಕ ಹಾಕಿಯೇ ಬಂದಿದ್ದ. ಈ ಮೇಜು ತೆಗೆದರೆ ಪರದೆಯ ಎರಡು ಮಿಶಿನ್ ಇಡಬಹುದು. "ನಿಮ್ಮನ್ನು ಬಿಡುದಿಲ್ಲ ನಾನು. ಯೂನಿಫಾರ್ಮಿನಲ್ಲಿ ಕಾಜಾ, ಗುಂಡಿಯ ಕೆಲಸ ಬೇಕಾದಷ್ಟುಂಟು."

ಹನ್ನೆರಡು ವರ್ಷ ದೇಶಗಳ ಬಾವುಟ ಹೊಲಿದ ಕೈಗೆ ಸೆಕ್ಯುರಿಟಿಯವರ ಅಂಗಿಯ ಗುಂಡಿ. ಅವಳು ಕಟ್ಟನ್ನು ಮೇಜಿನಿಂದ ಇಳಿಸಿ ನೆಲಕ್ಕಿಟ್ಟಳು.

ಮಾರ್ಚ್ ಮೊದಲ ವಾರ ಶೆಲ್ಡನ್‌ನ ಫೋನು ಬಂತು. ಬೀಜಿಂಗಿನಿಂದ ಒಬ್ಬ ಮಂತ್ರಿ, ಜೊತೆಗೆ ದೊಡ್ಡ ನಿಯೋಗ. ಆ ವರ್ಷ ಭದ್ರತಾ ಮಂಡಳಿಯಲ್ಲಿ ಬಹರೈನಿಗೂ ಎರಡು ವರ್ಷದ ಕುರ್ಚಿ ಸಿಕ್ಕಿತ್ತು. ಇರಾಕಿನ ಮೇಲೆ ಮತ್ತೆ ಬಾಂಬು ಬೀಳುತ್ತದೋ ಇಲ್ಲವೋ ಎಂಬ ಮಾತು ಫೆಬ್ರವರಿಯಿಡೀ ನಡೆದಿತ್ತು. ಹಾಗಾಗಿ ಈ ಪುಟ್ಟ ದ್ವೀಪದ ಬಾಗಿಲು ತಟ್ಟುವವರು ಹೆಚ್ಚಿದ್ದರು. ಕಡಲ ಬದಿಯ ಹೋಟೆಲಿನ ಮುಂದೆ ಹನ್ನೆರಡು ಕಂಬ. ಆರಕ್ಕೆ ಬಹರೈನಿನದು, ಆರಕ್ಕೆ ಚೀನಾದ್ದು. ಒಂದೊಂದೂ ಮೂರು ಮೀಟರಿನ ಹತ್ತಿರ. ಅಚ್ಚಿನದು ಬೇಡ, ಹೊಲಿದದ್ದೇ ಬೇಕು ಎಂದು ಹೋಟೆಲಿನವರ ಹಟ.

"ಇದೊಂದು ಸರಿಯಾಗಿ ಹೋಗ್ಲಿ," ಎಂದ ಮುದ್ದಣ್ಣ. "ಹೋದ್ರೆ ಮೇಜು ಇರ್ಲಿ. ಏನಾದ್ರೂ ಮಾತು ಬಂದ್ರೆ ಆ ಶನಿವಾರವೇ ಮಿಶಿನ್ ತರಿಸ್ತೇನೆ. ಆಮೇಲೆ ನನ್ನನ್ನು ಬೈಬೇಡಿ."

"ಮಾತು ಬರುದಿಲ್ಲ."

ಬಹರೈನಿನ ಎಂಟು ಹಲ್ಲಿನ ಕೆಂಪು ಬಿಳಿ ಬಾವುಟ ಅವಳು ಕಣ್ಣುಮುಚ್ಚಿಯೂ ಹೊಲಿಯಬಲ್ಲವಳು. ಅವು ಎರಡು ದಿನದಲ್ಲಿ ಮುಗಿದವು. ಚೀನಾದ್ದಕ್ಕೆ ಅವಳು ಒಂದು ವಾರ ತೆಗೆದುಕೊಂಡಳು. ಆ ಬಾವುಟದಲ್ಲಿ ಒಂದು ಸೂಕ್ಷ್ಮವಿದೆ. ನಾಲ್ಕು ಸಣ್ಣ ನಕ್ಷತ್ರಗಳು ನೆಟ್ಟಗೆ ನಿಂತಿರುವುದಿಲ್ಲ. ಒಂದೊಂದರ ಒಂದು ಮೊನೆ ದೊಡ್ಡ ನಕ್ಷತ್ರದ ನಡುಬಿಂದುವಿನ ಕಡೆಗೇ ತಿರುಗಿರಬೇಕು. ಅವಳು ದೊಡ್ಡ ನಕ್ಷತ್ರದ ನಡುವಿಗೆ ಗುಂಡುಸೂಜಿ ಚುಚ್ಚಿ, ದಾರ ಕಟ್ಟಿ, ಆ ದಾರ ಎಳೆದ ಗೆರೆಯಲ್ಲೇ ಸಣ್ಣವನ್ನು ತಿರುಗಿಸಿ ಕೂರಿಸುತ್ತಿದ್ದಳು.

ಆಮೇಲೆ ಅವಳು ತನಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಕೆಲಸ ಮಾಡಿದಳು. ಇನ್ನೂ ಆರು ಮುಖ, ಅಷ್ಟೇ ನಕ್ಷತ್ರ, ಅದೇ ಅಳತೆ. ಬೆನ್ನಿಗೆ ಬೆನ್ನು ಕೊಟ್ಟು ಸೌದಿ ಹೊಲಿಗೆ.

ಹುಸೈನಬ್ಬ ಇಸ್ತ್ರಿಯ ಪಕ್ಕ ನಿಂತು ನೋಡಿದ. "ಸೌದಿಯದ್ದರಲ್ಲಿ ಅಕ್ಷರ ಉಂಟು, ಅದಕ್ಕೆ ಎರಡು ಮುಖ. ಇವರಿಗೆ ಎಂತಕ್ಕೆ ಬಾಯಮ್ಮ?"

"ಮಂತ್ರಿ ಬರುದಲ್ವಾ ಹುಸೈನಬ್ಬ? ಒಂದೇ ಪದರ ಕೊಟ್ರೆ ಆ ನೈಲಾನಿಗೂ ನಮ್ದಕ್ಕೂ ಎಂತ ವ್ಯತ್ಯಾಸ?"

ನಿಯೋಗ ಬರುವುದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಟೆಲಿನ ಮುಂದೆ ಹನ್ನೆರಡೂ ಬಾವುಟ ಏರಿಸಿ ನೋಡಿದರು. ಶೆಲ್ಡನ್ ಇದ್ದ, ಮುದ್ದಣ್ಣ ಕೋಟು ಹಾಕಿ ಬಂದಿದ್ದ, ಕ್ಲೊಟಿಲ್ಡಾ ಸೂಜಿದಾರದ ಡಬ್ಬಿ ಹಿಡಿದು ನಿಂತಿದ್ದಳು. ಚೀನಾದ ರಾಯಭಾರ ಕಚೇರಿಯಿಂದ ಶಿಷ್ಟಾಚಾರ ನೋಡಿಕೊಳ್ಳುವ ಅಧಿಕಾರಿ ಬಂದ. ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಬೂದು ಕೋಟು. ಬೀಜಿಂಗಿನಲ್ಲಿ ಅರಬಿ ಕಲಿತವನಂತೆ. ಅವನ ಅರಬಿ ರೇಡಿಯೋದ ವಾರ್ತೆಯ ಹಾಗಿತ್ತು. ಕ್ಲೊಟಿಲ್ಡಾ ಅರಬಿ ಕಲಿತದ್ದು ತರಕಾರಿ ಅಂಗಡಿಯಲ್ಲಿ.

ಆತ ಒಂದು ಬಾವುಟ ಇಳಿಸಲು ಹೇಳಿದ. ಜೇಬಿನಿಂದ ದಾರದ ತುಂಡು ತೆಗೆದು ದೊಡ್ಡ ನಕ್ಷತ್ರದ ನಡುವಿನಿಂದ ಸಣ್ಣವುಗಳ ಮೊನೆಗೆ ಹಿಡಿದು ನೋಡಿದ. ನಾಲ್ಕಕ್ಕೆ ನಾಲ್ಕೂ ಸರಿ. ತಲೆಯೆತ್ತಿ ಯಾರು ಹೊಲಿದದ್ದು ಎಂದು ಕೇಳಿದ. ಶೆಲ್ಡನ್ ಅವಳನ್ನು ತೋರಿಸಿದ. ಆತ ತಲೆಬಾಗಿದ. ಮುದ್ದಣ್ಣನ ಮುಖ ಅರಳಿತು.

ಬಾವುಟ ಮತ್ತೆ ಏರಿತು. ಬಡಗಣ ಗಾಳಿ ಮೆಲ್ಲಗೆ ಬೀಸುತ್ತಿತ್ತು. ಬಹರೈನಿನ ಬಾವುಟಗಳು ಬಿಚ್ಚಿಕೊಂಡು ಹಾರಿದವು. ಚೀನಾದವು ಒದ್ದೆ ಕಂಬಳಿಯ ಹಾಗೆ ಅರ್ಧ ಎದ್ದು ಅರ್ಧ ಬೀಳುತ್ತಿದ್ದವು. ಎರಡು ಪದರದ ಭಾರ ಎಂದು ಅವಳಿಗೆ ಆಗಲೇ ಹೊಳೆದು ಸ್ವಲ್ಪ ಕಸಿವಿಸಿಯಾಯಿತು. ಅಧಿಕಾರಿ ರಸ್ತೆ ದಾಟಿ ಆಚೆ ಬದಿಗೆ ಹೋದ. ಮುಹರ್ರಕ್‌ನ ವಿಮಾನ ನಿಲ್ದಾಣದಿಂದ ಸೇತುವೆ ದಾಟಿ ಬರುವ ಕಾರುಗಳು ಹೋಟೆಲನ್ನು ಮೊದಲು ಕಾಣುವುದು ಆ ಬದಿಯಿಂದ. ಅಲ್ಲಿ ನಿಂತು ಕತ್ತೆತ್ತಿ ಒಂದೊಂದೇ ಕಂಬ ನೋಡಿದ. ನಂತರ ಕೈಬೀಸಿ ಎಲ್ಲರನ್ನೂ ಕರೆದ.

ಕ್ಲೊಟಿಲ್ಡಾ ರಸ್ತೆ ದಾಟಿ ತಿರುಗಿ ನೋಡಿದಳು.

ಹೋಟೆಲಿನ ಕಡೆಯಿಂದ ನಕ್ಷತ್ರಗಳು ಕಂಬದ ಪಕ್ಕದಲ್ಲಿದ್ದವು. ಈ ಕಡೆಯಿಂದ ಅವು ಕಂಬ ಬಿಟ್ಟು ಬಾವುಟದ ಬಾಲದ ತುದಿಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿದ್ದವು. ಎರಡೂ ಮುಖ ಒಂದೇ ತೆರ ಮಾಡಿದರೆ ಆಗುವುದೇ ಅದು. ಸೌದಿಯ ಬರಹ ನಡುಮಧ್ಯೆ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ. ಮೂಲೆಯಲ್ಲಿ ಕೂರುವ ನಕ್ಷತ್ರಕ್ಕೆ ಹಿಂಬದಿಯಲ್ಲಿ ಮೂಲೆಯೇ ಬದಲಾಗುತ್ತದೆ.

ಅಧಿಕಾರಿ ಮೆಲ್ಲಗೆ ಏನೋ ಹೇಳಿದ. ಶೆಲ್ಡನ್ ಕನ್ನಡಕ್ಕೆ ತಿರುಗಿಸಿದ: "ನಕ್ಷತ್ರ ಕಂಬ ಬಿಟ್ಟು ಓಡಿ ಹೋಗ್ತಾ ಉಂಟಂತೆ ಆಂಟಿ. ಮಂತ್ರಿ ಕಾರಲ್ಲಿ ಬರುವಾಗ ಇದನ್ನೇ ನೋಡುದು. ಇದು ಆಗುದಿಲ್ಲ ಅಂತ."

ಮುದ್ದಣ್ಣ ಕೋಟಿನ ಗುಂಡಿ ಬಿಚ್ಚಿದ. "ಎಂತ ಮಾಡಿದ್ರಿ ಬಾಯಮ್ಮ! ಹನ್ನೆರಡು ವರ್ಷದ ಕೆಲಸದವರು ನೀವು!" ಅಧಿಕಾರಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ತಡವರಿಸಿದ: ದುಬೈಗೆ ಈಗಲೇ ಫೋನು ಮಾಡುತ್ತೇನೆ, ಸಂಜೆಯ ವಿಮಾನದಲ್ಲಿ ಅಚ್ಚಿನವು ಬರುತ್ತವೆ, ಆರು ಏನು, ಅರುವತ್ತು ಬೇಕಾದರೂ ಬರುತ್ತವೆ.

ಆ ಮಾತು ಮುಗಿದರೆ ಮೇಜೂ ಮುಗಿದಂತೆ. ಅದು ಅಲ್ಲಿ ಅವಳಿಗೂ ಮುದ್ದಣ್ಣನಿಗೂ ಮಾತ್ರ ಗೊತ್ತಿದ್ದ ವಿಷಯ. ಆದರೆ ಅವಳು ಮುದ್ದಣ್ಣನನ್ನು ನೋಡುತ್ತಿರಲಿಲ್ಲ, ಬಾವುಟವನ್ನು ನೋಡುತ್ತಿದ್ದಳು. ಮುಂದಿನ ಮುಖ ಸರಿಯಾಗಿದೆ. ಹಿಂದಿನದು ಪೂರ್ತಿ ತಪ್ಪು. ಹಿಂದಿನದನ್ನು ಬಿಚ್ಚಿ ತೆಗೆದರೆ? ಒಂದೇ ಪದರ ಉಳಿಯುತ್ತದೆ. ಹಿಂಬದಿಯಲ್ಲಿ ಬರೀ ಕೆಂಪು ಕಾಣುತ್ತದೆ. ನಕ್ಷತ್ರದ ಹಿಂದಿರುವ ಆ ಕೆಂಪನ್ನಷ್ಟೇ ಕತ್ತರಿಸಿದರೆ ಮುಂದಿನ ಹಳದಿಯೇ ಹಿಂದೆಯೂ ಕಾಣುತ್ತದೆ. ಅದೇ ನಕ್ಷತ್ರ, ಅದೇ ಜಾಗ, ಕಂಬದ ಪಕ್ಕ.

ಅವಳು ಅಧಿಕಾರಿಯ ಎದುರು ಹೋಗಿ ನಿಂತು ತನ್ನ ತರಕಾರಿ ಅಂಗಡಿಯ ಅರಬಿಯಲ್ಲಿ ಹೇಳಿದಳು: "ಬುಕ್ರಾ, ಜುಹರ್, ಖಲಾಸ್." ನಾಳೆ, ಮಧ್ಯಾಹ್ನದ ನಮಾಜಿನ ಹೊತ್ತಿಗೆ, ಮುಗಿದಿರುತ್ತದೆ.

ಆತ ಅವಳ ಮುಖ ನೋಡಿದ, ಆಮೇಲೆ ಕೈಯಲ್ಲಿದ್ದ ದಾರದ ತುಂಡು ನೋಡಿದ. "ಜುಹರ್," ಎಂದ. ಅಷ್ಟೇ.

ಚೀನಾದ ಆರೂ ಬಾವುಟ ಇಳಿಸಿ ಮುದ್ದಣ್ಣ ವ್ಯಾನಿಗೆ ಹಾಕಿಸಿದ. ಉಮ್ ಅಲ್ ಹಸ್ಸಮ್ ತಲುಪಿದ ಮೇಲೆ ಫೋನಿನ ಹತ್ತಿರ ಹೋಗಿ ನಿಂತ. ಅವಳು ಬಾಗಿಲಲ್ಲೇ ಹೇಳಿದಳು: "ಧನಿಗಳೇ, ತಪ್ಪು ನನ್ನದೇ. ಹುಸೈನಬ್ಬ ಕೇಳಿದ್ದ, ನಾನು ಕಿವಿ ಕೊಡ್ಲಿಲ್ಲ. ಆದ್ರೆ ನಾಳೆ ಮಧ್ಯಾಹ್ನದವರೆಗೆ ಮೇಜು ನನ್ನದು. ಅಲ್ಲಿವರೆಗೆ ಆ ಫೋನ್ ಮುಟ್ಬೇಡಿ."

ಮುದ್ದಣ್ಣ ಫೋನು ಮುಟ್ಟಲಿಲ್ಲ. ಅವನು ಹೆದರಿದ್ದು ಅವಳ ಮಾತಿಗೋ ದುಬೈಯವನು ಹೇಳುವ ದರಕ್ಕೋ ತಿಳಿಯದು.

ಅಂಚು ಬಿಚ್ಚುವ ಕೆಲಸಕ್ಕೆ ಯೂನಿಫಾರ್ಮಿನ ನಾಲ್ವರು ಬಂದರು. ಎರಡು ಗಂಟೆಯೊಳಗೆ ಹಿಂದಿನ ಆರು ಮುಖಗಳೂ ಕಳಚಿ ಒಂದು ಮೂಲೆಗೆ ಬಿದ್ದವು. ವಾರವಿಡೀ ಮಾಡಿದ ಕೆಲಸದ ಅರ್ಧ ಅದು. ಅವಳು ಅತ್ತ ನೋಡಲಿಲ್ಲ. ಕತ್ತರಿಯನ್ನು ಮಾತ್ರ ಬೇರೆ ಯಾರಿಗೂ ಕೊಡಲಿಲ್ಲ. ಒಟ್ಟು ಮೂವತ್ತು ನಕ್ಷತ್ರ. ಕೆಂಪಿನ ಜೊತೆ ಹಳದಿ ಒಂದು ಎಳೆ ಸಿಕ್ಕಿದರೂ ಆ ಬಾವುಟ ಹೋಯಿತು. ಹೊಸದಾಗಿ ಹೊಲಿಯಲು ಹೊತ್ತಿಲ್ಲ.

ಮೊದಲ ನಕ್ಷತ್ರದಲ್ಲೇ ಕತ್ತರಿ ಮುಂದೆ ಹೋಗಲಿಲ್ಲ. ಬಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಕತ್ತರಿಯ ತುದಿಗೆ ಯಾವುದು ಸಿಕ್ಕಿತು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಕತ್ತರಿ ಕೆಳಗಿಟ್ಟು ಮನೆಗೆ ಫೋನು ಮಾಡಿದಳು. ಬ್ಯಾಪ್ಟಿಸ್ಟ್ ಆಗಷ್ಟೇ ಕೆಲಸದಿಂದ ಬಂದಿದ್ದ.

"ನಿಮ್ಮ ಮೊಣಕಾಲಿನ ಎಕ್ಸ್‌ರೇ ಉಂಟಲ್ಲ, ಕಪಾಟಿನ ಮೇಲೆ? ಅದು ತನ್ನಿ."

"ನನ್ನ ಮೊಣಕಾಲಿಗೂ ಚೀನಾಕ್ಕೂ ಎಂತ ಸಂಬಂಧ?"

"ತನ್ನಿ ಹೇಳಿದ್ದು!"

ಎಕ್ಸ್‌ರೇ ಹಾಳೆಯನ್ನು ಅವಳು ಎಲೆಯಾಕಾರಕ್ಕೆ ಕತ್ತರಿಸಿದಳು. ಕೆಂಪಿನ ನಡುವೆ ಸಣ್ಣ ಸೀಳು ಮಾಡಿ ಆ ಹಾಳೆಯನ್ನು ಒಳಗೆ ತೂರಿಸಿದಳು. ಈಗ ಕೆಂಪು ಮೇಲೆ, ಹಳದಿ ಕೆಳಗೆ, ನಡುವೆ ಬ್ಯಾಪ್ಟಿಸ್ಟನ ಮೊಣಕಾಲು. ಕತ್ತರಿ ಹಾಳೆಯ ಮೇಲೆ ಜಾರಿಕೊಂಡು ಹೋಯಿತು. ಹೊಲಿಗೆಯ ಗೆರೆಗೆ ಒಂದು ಕಾಳಿನಷ್ಟು ಅಂತರ ಬಿಟ್ಟು ಸುತ್ತಲೂ ಕತ್ತರಿಸಿದಳು. ಕೆಂಪು ತುಂಡು ಕಳಚಿತು, ಹಳದಿ ಬೆಳಗಿತು. ಹುಸೈನಬ್ಬ ಅದನ್ನು ತೆಗೆದುಕೊಂಡು ಮಿಶಿನಿನಲ್ಲಿ ಅಂಚಿಗೆ ಒತ್ತೊತ್ತಾಗಿ ಅಂಕುಡೊಂಕಿನ ಹಲ್ಲುಹೊಲಿಗೆ ಹಾಕಿದ. ಬ್ಯಾಪ್ಟಿಸ್ಟ್ ಹೋಗದೆ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದ. ಹನ್ನೊಂದು. ಹನ್ನೆರಡು. "ಒಂದು ದೇಶದ ಮರ್ಯಾದೆ ನನ್ನ ಕಾಲಿನ ಮೇಲೆ ನಿಂತದ್ದು ನೋಡಿದ್ಯಾ ಹುಸೈನಬ್ಬ?"

"ಗೊತ್ತಾಗ್ತದೆ ಬ್ಯಾಪ್ಟಿಸ್ಟ್ ಪೊರ್ಬುಳೇ, ಸ್ವಲ್ಪ ಕುಂಟ್ತಾ ಉಂಟು."

ರಾತ್ರಿ ಎಂಟರೊಳಗೆ ಮೂವತ್ತೂ ನಕ್ಷತ್ರ ಮುಗಿದಿದ್ದವು. ಒಂದಕ್ಕೂ ಗಾಯವಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಅವಳು ಬಂದಾಗ ಅಂಗಡಿಯ ಬಾಗಿಲು ತೆರೆದಿತ್ತು. ಮುದ್ದಣ್ಣ ಬನಿಯನ್ನಿನಲ್ಲಿ ಮಿಶಿನಿನ ಮುಂದೆ ಕೂತಿದ್ದ. ಒಂದು ಕಾಲಕ್ಕೆ ಮುಂಬಯಿಯ ಗಿರ್ಗಾಂವಿನಲ್ಲಿ ಅವನೂ ಟೈಲರನೇ. ಇಪ್ಪತ್ತು ವರ್ಷದಿಂದ ಮಿಶಿನ್ ಮುಟ್ಟಿರಲಿಲ್ಲ. ಮೊದಲ ಬಾವುಟದ ಅಂಚು ಅರ್ಧ ಹೊಲಿದಾಗಿತ್ತು. ಅವಳು ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು.

"ಸ್ವಲ್ಪ ಸೊಟ್ಟ ಉಂಟು ಧನಿಗಳೇ."

"ನೀವು ಮಾತಾಡ್ಬೇಡಿ ಮಾರಾಯ್ರೆ, ದೇಶವನ್ನೇ ತಿರುಗಿಸಿ ಇಟ್ಟವರು!"

ಇಬ್ಬರೂ ನಕ್ಕರು. ಗುರುವಾರದಿಂದ ಮೊದಲ ಬಾರಿಗೆ.

ಹತ್ತರ ಹೊತ್ತಿಗೆ ಅಧಿಕಾರಿ ತಾನೇ ಬಂದ, ಶೆಲ್ಡನ್‌ನ ಕಾರಿನಲ್ಲಿ. ಕಾಯಲು ಆಗಲಿಲ್ಲವೋ ನಂಬಲು ಆಗಲಿಲ್ಲವೋ. ಹಿಂದಿನ ಕೋಣೆಗೆ ಬಂದು ಮುಗಿದ ಬಾವುಟವೊಂದನ್ನು ಎತ್ತಿ ಮುಂದೆ ನೋಡಿದ, ತಿರುಗಿಸಿ ಹಿಂದೆ ನೋಡಿದ, ಕಿಟಕಿಯ ಬೆಳಕಿಗೆ ಹಿಡಿದ. ಕೊನೆಗೆ ಸ್ಟೂಲು ಎಳೆದು ಕೂತ. ಹುಸೈನಬ್ಬ ಏಲಕ್ಕಿ ಹಾಕಿದ ಚಹಾ ಕೊಟ್ಟ. ಲೋಟ ಮೇಜಿನ ಮೇಲೆ ಇಡಲು ಹೋದವನು ಅವಳ ಮುಖ ನೋಡಿ ಮೊಣಕಾಲ ಮೇಲೆ ಇಟ್ಟುಕೊಂಡ.

ಕ್ಲೊಟಿಲ್ಡಾ ಅಂಚು ಹೊಲಿಯುತ್ತಲೇ ಶೆಲ್ಡನ್‌ಗೆ ಹೇಳಿದಳು: "ಅವರತ್ರ ಕೇಳು ಬಾಬಾ. ನಮ್ಮ ಮನೆಯವರಿಗೆ ಎಂಟು ವರ್ಷದಿಂದ ಒಂದು ಸಂಶಯ ಉಂಟು. ಚೀನಾದವರು ಯಾರ ಪಾರ್ಟಿ?"

"ಆಂಟೀ, ಅದೆಲ್ಲ ಕೇಳ್ಲಿಕ್ಕೆ ಆಗ್ತದಾ?"

"ಬಾವುಟ ನನ್ನ ಕೈಯಲ್ಲುಂಟು. ಈಗ ಕೇಳಿದ್ರೆ ಹೇಳ್ತಾರೆ."

ಶೆಲ್ಡನ್ ಅಂಜುತ್ತಲೇ ಕೇಳಿದ. ಅಧಿಕಾರಿ ಮೊದಲ ಬಾರಿ ಹಲ್ಲು ಬಿಟ್ಟು ನಕ್ಕ. ಟೆಹ್ರಾನಿನಲ್ಲೂ ನಮಗೆ ಚಹಾ ಕೊಡುತ್ತಾರೆ, ರಿಯಾದಿನಲ್ಲೂ ಕೊಡುತ್ತಾರೆ, ಇಲ್ಲಿಯೂ ಕೊಡುತ್ತಿದ್ದಾರೆ ಎಂದ. ನಮ್ಮ ಪಾರ್ಟಿ ಚಹಾದ್ದು.

"ಅಷ್ಟು ಕಡೆ ಚಹಾ ಕುಡಿದ್ರೆ ಇವರಿಗೆ ನಿದ್ರೆ ಹೇಗೆ ಬರ್ತದೆ ಅಂತ ಕೇಳು."

ಆತ ಚಹಾ ಗುಟುಕರಿಸಿ ಹೇಳಿದ: ನಮಗೆ ನಿದ್ರೆಗೆ ಅವಸರವಿಲ್ಲ, ಇನ್ನೂ ಬೆಳಗಿನ ಹೊತ್ತು.

ಹನ್ನೊಂದಕ್ಕೆ ಕೊನೆಯ ಬಾವುಟ ಇಸ್ತ್ರಿಯಾಯಿತು. ಮಧ್ಯಾಹ್ನದ ಅಜಾನ್ ಕೇಳುವಾಗ ಆರೂ ಹೋಟೆಲಿನ ಮುಂದೆ ಏರುತ್ತಿದ್ದವು.

ಅವಳು ಹೋಟೆಲಿನ ಒಳಗೆ ಹೋಗಲಿಲ್ಲ. ರಸ್ತೆಯ ಆಚೆ ಬದಿಗೆ, ಹಿಂದಿನ ದಿನ ನಿಂತಲ್ಲೇ, ಬ್ಯಾಪ್ಟಿಸ್ಟನ ಜೊತೆ ನಿಂತಳು. ಗಾಳಿ ನಿನ್ನೆಗಿಂತಲೂ ಮೆಲ್ಲಗಿತ್ತು. ಆದರೆ ಬಾವುಟಗಳಿಗೆ ಈಗ ಭಾರವಿರಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಒಂದೇ ಉಸಿರಿಗೆ ಬಿಚ್ಚಿಕೊಂಡು ಹಾರಿದವು. ಬಿಸಿಲು ಆಚೆಯಿಂದ ಬೀಳುತ್ತಿತ್ತು. ಒಂದೇ ಪದರದ ಹಳದಿಯ ಮೂಲಕ ಬೆಳಕು ಹಾದು ಬಂದು, ಐದೈದು ನಕ್ಷತ್ರಗಳು ಕಂಬಕ್ಕೆ ಆತುಕೊಂಡು ದೀಪ ಹಚ್ಚಿದ ಹಾಗೆ ಉರಿದವು. ಎರಡು ಪದರದಲ್ಲಿ ಅದು ಎಂದೂ ಆಗುತ್ತಿರಲಿಲ್ಲ.

ಮೂರೂಕಾಲಿಗೆ ಮುಹರ್ರಕ್‌ನ ಕಡೆಯಿಂದ ಮೋಟಾರು ಸೈಕಲುಗಳು ಬಂದವು, ಹಿಂದೆ ಕಪ್ಪು ಕಾರುಗಳು. ಒಂದು, ಎರಡು, ಏಳು, ಹದಿನಾಲ್ಕು. ಬ್ಯಾಪ್ಟಿಸ್ಟ್ ಎಣಿಸುವುದು ಬಿಟ್ಟ. "ಸೈಕಲ್ ತುಳಿಯುವ ದೇಶ ಅಂತ ಯಾರೋ ಹೇಳಿದ್ರು," ಎಂದಳು ಕ್ಲೊಟಿಲ್ಡಾ.

"ಯಾರೋ ಮೂರ್ಖ," ಎಂದ ಬ್ಯಾಪ್ಟಿಸ್ಟ್.

ಕಾರುಗಳು ಹೋಟೆಲಿನ ಅಂಗಳಕ್ಕೆ ತಿರುಗಿದವು. ಮಂತ್ರಿ ಇಳಿದರು, ಕೈಕುಲುಕಿದರು, ಒಳಗೆ ಹೋದರು. ಐದು ನಿಮಿಷದ ಮೇಲೆ ಶೆಲ್ಡನ್ ಟೈ ಹಾರಿಸಿಕೊಂಡು ರಸ್ತೆ ದಾಟಿ ಓಡಿ ಬಂದ.

"ಆಂಟೀ, ಮಂತ್ರಿ ಬಾವುಟದ ಕಡೆ ತಲೆ ಎತ್ತಿ ನೋಡಲೇ ಇಲ್ಲ!"

"ಹೌದಾ?" ಕ್ಲೊಟಿಲ್ಡಾ ಜೋರಾಗಿ ನಕ್ಕಳು. "ಹಾಗಾದ್ರೆ ಸರಿ ಉಂಟು. ತಪ್ಪಿದ್ರೆ ನೋಡ್ತಿದ್ರು."

ಶನಿವಾರ ಮುದ್ದಣ್ಣ ಮಿಶಿನ್ ತರಿಸಲಿಲ್ಲ. ಆ ದಿನ ಬಂದದ್ದು ಬೂದು ಕೋಟಿನ ಅಧಿಕಾರಿ, ತೋಳಿನಲ್ಲಿ ಮಡಚಿದ ಬಾವುಟದ ಜೊತೆ. ರಾಯಭಾರ ಕಚೇರಿಯ ಮಾಳಿಗೆಯ ಮೇಲೆ ಹಾರುತ್ತಿದ್ದದ್ದು. ಬೀಜಿಂಗಿನಿಂದ ಕಳಿಸಿದ ಅಚ್ಚಿನದು. ಉಪ್ಪುಗಾಳಿಗೆ ಎರಡು ತಿಂಗಳಲ್ಲಿ ಬಾಲ ಚಿಂದಿಯಾಗಿತ್ತು. ಇದೇ ಅಳತೆಯದು ಬೇಕು, ಆದರೆ ನಿನ್ನೆ ಕಿಟಕಿಯ ಬೆಳಕಿಗೆ ಹಿಡಿದದ್ದರ ಹಾಗೆ ಇರಬೇಕು ಎಂದ. ವರ್ಷಕ್ಕೆ ನಾಲ್ಕು. ಬೇರೆ ರಾಯಭಾರ ಕಚೇರಿಗಳವರೂ ಹೋಟೆಲಿನಲ್ಲಿ ನೋಡಿ ಕೇಳುತ್ತಿದ್ದಾರೆ ಎಂದು ಶೆಲ್ಡನ್ ಹೇಳಿದ. ಮೇ ತಿಂಗಳ ಹೊತ್ತಿಗೆ ಅವಳ ಪುಸ್ತಕದಲ್ಲಿ ಹತ್ತೊಂಬತ್ತು ದೇಶಗಳಿದ್ದವು. ಪರದೆಯ ಇಬ್ಬರನ್ನು ಮುದ್ದಣ್ಣ ಅವಳ ಕೈಕೆಳಗೆ ಹಾಕಿದ. ದುಬೈಯಿಂದ ತಂದ ಕಟ್ಟಿನಲ್ಲಿ ಒಂದಷ್ಟನ್ನು ಫುಟ್‌ಬಾಲ್ ಪಂದ್ಯದ ಹೊತ್ತಿಗೆ ಮಕ್ಕಳಿಗೆ ಮಾರಿದ, ಅವು ಚೆನ್ನಾಗಿಯೇ ಹೋದವು.

ಉಳಿದದ್ದನ್ನು ಎಲ್ಲಿಡುವುದು ಎಂದು ಅವನು ಒಂದು ದಿನ ಹಿಂದಿನ ಕೋಣೆಗೆ ಬಂದು ಕೇಳಿದ. ಕೈಯಲ್ಲಿ ಕಟ್ಟು ಹಿಡಿದು, ಹೊಸ್ತಿಲಿನಾಚೆ ನಿಂತು, ಒಪ್ಪಿಗೆ ಕೇಳುವವನ ಹಾಗೆ.

ಕ್ಲೊಟಿಲ್ಡಾ ತಲೆಯೆತ್ತಲಿಲ್ಲ. ನಕ್ಷತ್ರದ ಮೊನೆಗೆ ದಾರ ಹಿಡಿದಿದ್ದಳು.

"ಎಲ್ಲಿ ಬೇಕಾದ್ರೂ ಇಡಿ ಧನಿಗಳೇ. ಈ ಮೇಜೊಂದು ಬಿಟ್ಟು."